ಕನ್ನಡ ಸುಗಮ ಸಂಗೀತದಲ್ಲಿ ರಾಗಸಂಯೋಜನೆ

ಕನ್ನಡ ಸುಗಮ ಸಂಗೀತದಲ್ಲಿ ರಾಗಸಂಯೋಜನೆ ಎಂದರೆ ಕವಿತೆಯೊಂದಕ್ಕೆ ಧಾಟಿ, ತಾಳ ಮತ್ತು ವಾದ್ಯಗಳ ಹಿನ್ನೆಲೆಯನ್ನು ಹೊಂದಿಸಿ ಅದನ್ನು ಹಾಡಾಗಿ ರೂಪಿಸುವ ಕಲೆ. ಇದನ್ನು ಸ್ವರಸಂಯೋಜನೆ, ಸಂಗೀತ ಸಂಯೋಜನೆ ಎಂದೂ ಕರೆಯಲಾಗುತ್ತದೆ. ಪಿ. ಕಾಳಿಂಗರಾವ್, ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಮೊದಲಾದವರು ಇಪ್ಪತ್ತನೆಯ ಶತಮಾನದಲ್ಲಿ ಈ ಕಲೆಗೆ ಸ್ಪಷ್ಟ ಸ್ವರೂಪ ನೀಡಿದರು. ಬೆಂಗಳೂರು ಇದರ ಮುಖ್ಯ ಕೇಂದ್ರಗಳಲ್ಲಿ ಒಂದು. ಈ ಕಲೆಯು ಬಹುಮಟ್ಟಿಗೆ ಬಾಯಿಂದ ಬಾಯಿಗೆ, ಗುರುವಿನಿಂದ ಶಿಷ್ಯರಿಗೆ ಸಾಗಿ ಬಂದಿದೆ. ಆದುದರಿಂದ ಹಿರಿಯರ ಸಲಹೆ ಮತ್ತು ತಿದ್ದುಪಡಿಗಳಿಗೆ ಇದರಲ್ಲಿ ವಿಶೇಷ ಸ್ಥಾನವಿದೆ. ಕರ್ನಾಟಕದ ನಾಡಗೀತೆಯನ್ನು ಯಾವ ಧಾಟಿಯಲ್ಲಿ ಹಾಡಬೇಕೆಂಬ ಪ್ರಶ್ನೆಯನ್ನು ತಜ್ಞರ ಸಮಿತಿಗಳು ಪರಿಶೀಲಿಸಿ, ಕೊನೆಗೆ ಅದು ಉಚ್ಚ ನ್ಯಾಯಾಲಯದವರೆಗೂ ಹೋದುದು ಇದಕ್ಕೆ ನಿದರ್ಶನ.

## ಪದಬಳಕೆ

ಹಾಡಿನ ಧಾಟಿಗೆ ಕನ್ನಡದಲ್ಲಿ ‘ಮಟ್ಟು’ ಎಂಬ ಹಳೆಯ ಪದವಿದೆ. ಈಗಾಗಲೇ ಪ್ರಚಾರದಲ್ಲಿರುವ ಧಾಟಿಗೆ ಹೊಸ ಸಾಹಿತ್ಯವನ್ನು ರಚಿಸಿದರೆ ಆ ಮೂಲ ಧಾಟಿಯನ್ನು ‘ವರ್ಣಮಟ್ಟು’ ಎನ್ನುವರು. ಶಾಸ್ತ್ರೀಯ ಸಂಗೀತದಲ್ಲಿ ಸಾಹಿತ್ಯವನ್ನೂ ಸಂಗೀತವನ್ನೂ ಒಬ್ಬರೇ ರಚಿಸಿದರೆ ಅವರನ್ನು ‘ವಾಗ್ಗೇಯಕಾರ’ ಎಂದು ಕರೆಯುತ್ತಾರೆ. ಸುಗಮ ಸಂಗೀತದಲ್ಲಿ ಕವಿ, ಸಂಯೋಜಕ ಮತ್ತು ಗಾಯಕ ಸಾಮಾನ್ಯವಾಗಿ ಬೇರೆ ಬೇರೆ ವ್ಯಕ್ತಿಗಳು. ಯಾವ ವಾದ್ಯ ಎಲ್ಲಿ, ಏನನ್ನು ನುಡಿಸಬೇಕೆಂದು ನಿರ್ಧರಿಸುವ ಕೆಲಸವನ್ನು ‘ವಾದ್ಯಸಂಯೋಜನೆ’ ಅಥವಾ ‘ವಾದ್ಯವಿನ್ಯಾಸ’ ಎನ್ನಲಾಗುತ್ತದೆ.

## ಇತಿಹಾಸ

ಕವಿತೆಯನ್ನು ರಾಗವಾಗಿ ಓದುವ ಪದ್ಧತಿ ಕನ್ನಡಕ್ಕೆ ಹೊಸದಲ್ಲ. ಕುಮಾರವ್ಯಾಸ ಭಾರತ, ಜೈಮಿನಿ ಭಾರತದಂತಹ ಕಾವ್ಯಗಳನ್ನು ತಾಳದ ಕಟ್ಟಿಲ್ಲದೆ, ಅರ್ಥಕ್ಕೆ ತಕ್ಕ ರಾಗಗಳಲ್ಲಿ ವಾಚಿಸುವ ಗಮಕ ಕಲೆ ಇಂದಿಗೂ ಜೀವಂತವಾಗಿದೆ. ದಾಸರ ಪದಗಳು, ವಚನಗಳು, ತತ್ತ್ವಪದಗಳು, ರಂಗಗೀತೆಗಳು ಹಾಗೂ ಜನಪದ ಗೀತೆಗಳೂ ಸುಗಮ ಸಂಗೀತದ ಸಂಯೋಜಕರಿಗೆ ಆಕರಗಳಾದವು.

ನವೋದಯ ಕಾಲದಲ್ಲಿ ಭಾವಗೀತೆಯು ಪ್ರಮುಖ ಕಾವ್ಯಪ್ರಕಾರವಾದಾಗ ಅದನ್ನು ಹಾಡುವ ಹೊಸ ಕ್ರಮವೊಂದರ ಅಗತ್ಯ ಉಂಟಾಯಿತು. ಉಡುಪಿ ಜಿಲ್ಲೆಯ ಆರೂರಿನಲ್ಲಿ ಹುಟ್ಟಿದ ಪಿ. ಕಾಳಿಂಗರಾವ್ (1914–1981) ಆಧುನಿಕ ಕವಿಗಳ ರಚನೆಗಳನ್ನು ವೇದಿಕೆಯ ಮೇಲೆ ಹಾಡಿ ಜನಪ್ರಿಯಗೊಳಿಸಿದರು. ಸೋಹನ್ ಕುಮಾರಿ ಮತ್ತು ಮೋಹನ್ ಕುಮಾರಿ ಅವರ ಸಹಗಾಯಕಿಯರಾಗಿದ್ದರು. ಶಾಸ್ತ್ರೀಯ ರಾಗಗಳ ನೆರಳಿದ್ದರೂ ಸಂಗತಿಗಳ ವಿಸ್ತಾರಕ್ಕಿಂತ ಮಾತಿನ ಸ್ಪಷ್ಟತೆಗೆ ಒತ್ತು ನೀಡುವ ಅವರ ಕ್ರಮವು ಮುಂದಿನವರಿಗೆ ಮಾದರಿಯಾಯಿತು.

ಮೈಸೂರು ಅನಂತಸ್ವಾಮಿ (1936–1995) ಕುವೆಂಪು, ಜಿ. ಎಸ್. ಶಿವರುದ್ರಪ್ಪ, ಕೆ. ಎಸ್. ನಿಸಾರ್ ಅಹಮದ್ ಮುಂತಾದ ಕವಿಗಳ ರಚನೆಗಳಿಗೆ ಧಾಟಿಗಳನ್ನು ಸಂಯೋಜಿಸಿದರು. ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿಯು 1978ರಲ್ಲಿ ಹೊರಬಂದಿತು. ಅದನ್ನು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಗುರುತಿಸಲಾಗುತ್ತದೆ. ಧ್ವನಿಸುರುಳಿಯ ಕಾಲವು ಸುಗಮ ಸಂಗೀತವನ್ನು ಸಭಾಂಗಣದಿಂದ ಮನೆಗಳಿಗೆ ತಂದಿತು. ಹಾಡಿನ ಒಂದು ನಿರ್ದಿಷ್ಟ ರೂಪವು ಕೇಳುಗರ ನೆನಪಿನಲ್ಲಿ ನೆಲೆಯೂರಲೂ ಕಾರಣವಾಯಿತು.

ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಸಿ. ಅಶ್ವಥ್ (1939–2009) ಹಿಂದೂಸ್ತಾನಿ ಸಂಗೀತವನ್ನು ದೇವಗಿರಿ ಶಂಕರರಾವ್ ಜೋಶಿ ಅವರಲ್ಲಿ ಕಲಿತರು. ಬೆಂಗಳೂರಿನ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಲ್ಲಿ ಉದ್ಯೋಗದಲ್ಲಿದ್ದುಕೊಂಡೇ ಅವರು ರಂಗಭೂಮಿ, ಚಲನಚಿತ್ರ ಮತ್ತು ಸುಗಮ ಸಂಗೀತಗಳಲ್ಲಿ ಕೆಲಸ ಮಾಡಿದರು. ಶಿಶುನಾಳ ಶರೀಫರ ತತ್ತ್ವಪದಗಳಿಗೂ ಕೆ. ಎಸ್. ನರಸಿಂಹಸ್ವಾಮಿ ಅವರ ‘ಮೈಸೂರು ಮಲ್ಲಿಗೆ’ಯ ಕವಿತೆಗಳಿಗೂ ಅವರು ನೀಡಿದ ಸಂಗೀತವು ವ್ಯಾಪಕವಾಗಿ ಪ್ರಚಾರಗೊಂಡಿದೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನಡೆಸಿದ ‘ಕನ್ನಡವೇ ಸತ್ಯ’ ಕಾರ್ಯಕ್ರಮವು ಬೃಹತ್ ಜನಸಮೂಹವನ್ನು ಸೆಳೆಯಿತು. ವೃತ್ತಿಯಿಂದ ವಕೀಲರಾಗಿದ್ದ ಶಿವಮೊಗ್ಗ ಸುಬ್ಬಣ್ಣ (1938–2022) ಅವರು ‘ಕಾಡು ಕುದುರೆ’ ಚಿತ್ರದ ಗೀತೆಗಾಗಿ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಪಡೆದರು. ಆ ಗೀತೆಗೆ ಕವಿ ಚಂದ್ರಶೇಖರ ಕಂಬಾರರೇ ಸಂಗೀತ ನೀಡಿದ್ದರು.

ರಂಗಸಂಗೀತದಲ್ಲಿ ಬಿ. ವಿ. ಕಾರಂತರು (1929–2002) ಬೇರೊಂದು ಮಾರ್ಗವನ್ನು ತೆರೆದರು. ದೃಶ್ಯದ ಗತಿ ಮತ್ತು ನಟನ ಚಲನೆಯಿಂದಲೇ ಧಾಟಿಯನ್ನು ಹುಟ್ಟಿಸುವುದು ಅವರ ಕ್ರಮವಾಗಿತ್ತು. ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕಾಗಿ ಅವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು.

## ಸಂಯೋಜನೆಯ ಹಂತಗಳು

### ಕವಿತೆಯ ಓದು

ಭಾವಗೀತೆಯ ಸಂಯೋಜನೆಯಲ್ಲಿ ಸಾಹಿತ್ಯವೇ ಮೊದಲು. ಸಂಯೋಜಕನು ಕವಿತೆಯನ್ನು ಹಲವು ಬಾರಿ ಗಟ್ಟಿಯಾಗಿ ಓದಿ, ಎಲ್ಲಿ ಉಸಿರು ನಿಲ್ಲುತ್ತದೆ, ಯಾವ ಪದಕ್ಕೆ ಒತ್ತು ಬೀಳುತ್ತದೆ ಎಂಬುದನ್ನು ಗುರುತಿಸಿಕೊಳ್ಳುತ್ತಾನೆ. ಕನ್ನಡದಲ್ಲಿ ಹ್ರಸ್ವ–ದೀರ್ಘಗಳ ಭೇದವು ಅರ್ಥವನ್ನೇ ಬದಲಿಸುವುದರಿಂದ ಈ ಹಂತ ಮುಖ್ಯವಾದುದು. ‘ಕಡು’ ಎಂಬ ಪದದ ಮೊದಲ ಅಕ್ಷರವನ್ನು ಎಳೆದರೆ ಅದು ‘ಕಾಡು’ ಎಂದು ಕೇಳಿಸುತ್ತದೆ. ‘ಹಳೆ’ ಎಂಬುದು ‘ಹಾಳೆ’ಯಾಗುತ್ತದೆ. ಎಳೆಯಬೇಕಾದ ಸ್ವರವನ್ನು ದೀರ್ಘಾಕ್ಷರದ ಮೇಲೆ ಅಥವಾ ಪದದ ಕೊನೆಯಲ್ಲಿ ಇರಿಸುವುದು ಇದಕ್ಕೆ ಸಾಮಾನ್ಯ ಪರಿಹಾರ.

ಪದಚ್ಛೇದವೂ ಅಷ್ಟೇ ಎಚ್ಚರವನ್ನು ಬೇಡುತ್ತದೆ. ‘ಊರಿನಾಚೆ’ ಎಂಬ ಪದವನ್ನು ತಾಳದ ಅನುಕೂಲಕ್ಕಾಗಿ ‘ಊರಿ – ನಾಚೆ’ ಎಂದು ಒಡೆದರೆ ಎರಡು ಭಾಗಗಳೂ ಅರ್ಥ ಕೆಡುತ್ತವೆ. ಹೊಸ ಸಂಯೋಜಕರ ರಚನೆಗಳನ್ನು ಹಿರಿಯರು ತಿದ್ದುವಾಗ ಮೊದಲು ಗಮನಿಸುವ ದೋಷಗಳಲ್ಲಿ ಇದು ಒಂದು.

### ಛಂದಸ್ಸು ಮತ್ತು ತಾಳ

ಮಾತ್ರಾಗಣಗಳಲ್ಲಿ ರಚಿತವಾದ ಕವಿತೆಯು ತನ್ನ ತಾಳವನ್ನು ತಾನೇ ಸೂಚಿಸುತ್ತದೆ. ಕನ್ನಡದ ಸಾಮಾನ್ಯ ಲಯಗಳಿಗೂ ತಾಳಗಳಿಗೂ ಇರುವ ಸಂಬಂಧವನ್ನು ಹೀಗೆ ಹೇಳಬಹುದು:

- ಮೂರು ಮಾತ್ರೆಯ ಗಣಗಳು (ಉತ್ಸಾಹ ಲಯ): ತಿಶ್ರ ನಡೆ, ಹಿಂದೂಸ್ತಾನಿ ಪದ್ಧತಿಯಲ್ಲಿ ಆರು ಮಾತ್ರೆಯ ದಾದ್ರಾ.
- ನಾಲ್ಕು ಮಾತ್ರೆಯ ಗಣಗಳು (ಮಂದಾನಿಲ ಲಯ): ಆದಿತಾಳ, ಹಿಂದೂಸ್ತಾನಿಯಲ್ಲಿ ಎಂಟು ಮಾತ್ರೆಯ ಕೆಹರ್ವಾ.
- ಐದು ಮಾತ್ರೆಯ ಗಣಗಳು (ಲಲಿತ ಲಯ): ಖಂಡಚಾಪು, ಹಿಂದೂಸ್ತಾನಿಯಲ್ಲಿ ಹತ್ತು ಮಾತ್ರೆಯ ಝಪ್‌ತಾಲ್.
- ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬರುವ ಲಯ (ಭಾಮಿನಿ ಷಟ್ಪದಿಯಲ್ಲಿರುವಂತೆ): ಏಳು ಮಾತ್ರೆಯ ಮಿಶ್ರಚಾಪು.

ಈ ಹೊಂದಾಣಿಕೆ ಕಡ್ಡಾಯವಲ್ಲ. ಐದು ಮಾತ್ರೆಯ ಸಾಲನ್ನು ಒಂದು ಅಕ್ಷರವನ್ನು ಎಳೆದು ಆರು ಮಾತ್ರೆಗೆ ಹೊಂದಿಸುವುದುಂಟು. ಆದರೆ ಹಾಗೆ ಮಾಡಿದಾಗ ಕವಿತೆಯ ನಡಿಗೆಯೇ ಬದಲಾಗುತ್ತದೆ. ಆದ್ದರಿಂದ ಎಳೆಯುವ ಅಕ್ಷರವನ್ನು ವಿವೇಚನೆಯಿಂದ ಆರಿಸಬೇಕಾಗುತ್ತದೆ.

### ರಾಗ, ಪಲ್ಲವಿ ಮತ್ತು ಚರಣ

ಸುಗಮ ಸಂಗೀತದಲ್ಲಿ ಒಂದೇ ರಾಗದ ಚೌಕಟ್ಟಿಗೆ ಕಟ್ಟುಬೀಳಬೇಕೆಂಬ ನಿಯಮವಿಲ್ಲ. ಭಾವ ಬದಲಾದಾಗ ಅನ್ಯಸ್ವರವನ್ನು ಬಳಸುವುದು, ಚರಣವನ್ನು ಬೇರೊಂದು ರಾಗದಲ್ಲಿ ಹಾಡಿ ಪಲ್ಲವಿಯ ರಾಗಕ್ಕೆ ಮರಳುವುದು ರೂಢಿಯಲ್ಲಿವೆ. ಕವಿತೆಯ ಮೊದಲ ಒಂದೆರಡು ಸಾಲುಗಳನ್ನು ಪಲ್ಲವಿಯಾಗಿ ಪುನರಾವರ್ತಿಸಿ ಉಳಿದ ಪದ್ಯಗಳನ್ನು ಚರಣಗಳಾಗಿ ಹಾಡುವುದು ಸಾಮಾನ್ಯ ವಿನ್ಯಾಸ. ಪಲ್ಲವಿಯು ಮಂದ್ರ ಮತ್ತು ಮಧ್ಯಸ್ಥಾಯಿಗಳಲ್ಲಿದ್ದು, ಚರಣವು ತಾರಸ್ಥಾಯಿಗೆ ಏರಿ ಕೆಳಗಿಳಿಯುವುದನ್ನು ಹೆಚ್ಚಿನ ಹಾಡುಗಳಲ್ಲಿ ಕಾಣಬಹುದು. ಪ್ರತಿ ಚರಣಕ್ಕೂ ಒಂದೇ ಧಾಟಿಯನ್ನು ಬಳಸಬೇಕೆ, ಬೇರೆ ಧಾಟಿ ಬೇಕೆ ಎಂಬುದನ್ನು ಕವಿತೆಯ ಅರ್ಥವೇ ನಿರ್ಧರಿಸುತ್ತದೆ.

ಸಮೂಹಗಾಯನಕ್ಕಾಗಿ ರಚಿಸುವ ಧಾಟಿಗಳ ವ್ಯಾಪ್ತಿ ಚಿಕ್ಕದಾಗಿರಬೇಕು. ಗಂಡಸರು, ಹೆಂಗಸರು ಮತ್ತು ಮಕ್ಕಳು ಒಂದೇ ಶ್ರುತಿಯಲ್ಲಿ ಹಾಡಬೇಕಾದಾಗ ಸುಮಾರು ಒಂದು ಸ್ಥಾಯಿಗಿಂತ ಹೆಚ್ಚು ವಿಸ್ತಾರವಿರುವ ಧಾಟಿಯು ಕೆಲವರಿಗೆ ನಿಲುಕುವುದಿಲ್ಲ.

### ಧಾಟಿಗೆ ಸಾಹಿತ್ಯ ರಚಿಸುವುದು

ಧಾಟಿ ಮೊದಲಿದ್ದು ಸಾಹಿತ್ಯ ಅನಂತರ ಬರುವ ಕ್ರಮವೂ ಇದೆ. ಚಲನಚಿತ್ರ ಗೀತೆಗಳಲ್ಲಿ ಇದು ಬಹಳ ಬಳಕೆಯಲ್ಲಿದೆ. ಇದಕ್ಕೆ ಬೆಂಗಳೂರಿನ ಹಳೆಯ ಉದಾಹರಣೆ ಟಿ. ಪಿ. ಕೈಲಾಸಂ ಅವರ ಹಾಸ್ಯಗೀತೆಗಳು. ಮೊದಲ ಮಹಾಯುದ್ಧದ ಕಾಲದಲ್ಲಿ ಸೈನಿಕರು ಹಾಡುತ್ತಿದ್ದ ‘ಟಿಪ್ಪರರಿ’ ಗೀತೆಯ ವರ್ಣಮಟ್ಟಿನಲ್ಲಿ ಅವರು ತಿಪ್ಪಾರಹಳ್ಳಿಯ ಹಾಡನ್ನು ರಚಿಸಿದರು. ‘ಕಾನ್‌ಸ್ಟಾಂಟಿನೋಪಲ್’ ಎಂಬ ಇಂಗ್ಲಿಷ್ ಗೀತೆಯ ಧಾಟಿಯು ‘ಕೋಳಿಕೆ ರಂಗ’ಕ್ಕೆ ಮೂಲವಾಯಿತು. ಪರಭಾಷೆಯ ಧಾಟಿಯಲ್ಲಿಯೂ ಕನ್ನಡದ ಮಾತಿನ ಒತ್ತು ಮತ್ತು ಊರಿನ ಆಡುನುಡಿಯನ್ನು ಉಳಿಸಿಕೊಂಡಿರುವುದು ಈ ರಚನೆಗಳ ವಿಶೇಷ.

## ವಾದ್ಯಸಂಯೋಜನೆ

ಆರಂಭದ ಭಾವಗೀತೆ ಗಾಯನಕ್ಕೆ ಹಾರ್ಮೋನಿಯಂ ಮತ್ತು ತಬಲಾ ಸಾಕಾಗುತ್ತಿದ್ದವು. ಧ್ವನಿಮುದ್ರಣದ ಕಾಲದಲ್ಲಿ ಕೊಳಲು, ಪಿಟೀಲು, ವೀಣೆ, ಸಿತಾರ್, ಮ್ಯಾಂಡೊಲಿನ್, ಗಿಟಾರ್ ಮತ್ತು ಕೀಬೋರ್ಡ್‌ಗಳು ಸೇರಿಕೊಂಡವು. ತತ್ತ್ವಪದಗಳಿಗೆ ಏಕತಾರಿ ಮತ್ತು ತಾಳ, ಜನಪದ ಧಾಟಿಗಳಿಗೆ ತಮಟೆ ಮತ್ತು ಗೆಜ್ಜೆ ಹಾಡಿನ ಮೂಲ ಪರಿಸರವನ್ನು ಸೂಚಿಸುತ್ತವೆ.

ವಾದ್ಯಸಂಯೋಜನೆಯಲ್ಲಿ ಮೂರು ಮುಖ್ಯ ಭಾಗಗಳಿವೆ: ಹಾಡಿನ ಆರಂಭದ ವಾದ್ಯಸಂಗೀತ, ಪಲ್ಲವಿ ಮತ್ತು ಚರಣಗಳ ನಡುವಿನ ವಾದ್ಯಸಂಗೀತ, ಹಾಗೂ ಗಾಯನದ ಹಿಂದೆ ಬರುವ ನುಡಿಸಾಣಿಕೆ. ಗಾಯಕರು ಹಾಡುತ್ತಿರುವ ಸ್ಥಾಯಿಯಲ್ಲಿಯೇ ವಾದ್ಯವೂ ಗಟ್ಟಿಯಾಗಿ ನುಡಿದರೆ ಮಾತು ಮರೆಯಾಗುತ್ತದೆ. ಆದ್ದರಿಂದ ವಾದ್ಯವನ್ನು ಗಾಯನಕ್ಕಿಂತ ಮೇಲಿನ ಅಥವಾ ಕೆಳಗಿನ ಸ್ಥಾಯಿಗೆ ಸರಿಸುವುದು, ಇಲ್ಲವೇ ಸಾಲುಗಳ ನಡುವಿನ ಬಿಡುವಿನಲ್ಲಿ ಮಾತ್ರ ನುಡಿಸುವುದು ರೂಢಿ.

ಪಾಶ್ಚಾತ್ಯ ಪದ್ಧತಿಯ ಸ್ವರಮೇಳಗಳನ್ನು (ಕಾರ್ಡ್) ರಾಗಾಧಾರಿತ ಧಾಟಿಗೆ ಸೇರಿಸುವಾಗ ವಿಶೇಷ ಎಚ್ಚರ ಬೇಕು. ಉದಾಹರಣೆಗೆ, ಮೋಹನ ರಾಗದಲ್ಲಿ ಮಧ್ಯಮ ಮತ್ತು ನಿಷಾದಗಳಿಲ್ಲ. ಸ–ಗ–ಪ ಮತ್ತು ದ–ಸ–ಗ ಎಂಬ ಸ್ವರಮೇಳಗಳು ರಾಗದೊಳಗಿನ ಸ್ವರಗಳಿಂದಲೇ ದೊರೆಯುತ್ತವೆ. ಪಂಚಮವನ್ನು ಆಧಾರವಾಗಿಟ್ಟುಕೊಂಡು ಪ–ನಿ–ರಿ ನುಡಿಸಿದರೆ ರಾಗದಲ್ಲಿಲ್ಲದ ನಿಷಾದವು ಒಳಸೇರುತ್ತದೆ. ಅದನ್ನು ಬಿಡಬೇಕೋ, ಉದ್ದೇಶಪೂರ್ವಕವಾಗಿ ಬಳಸಬೇಕೋ ಎಂಬುದು ಸಂಯೋಜಕರ ನಿರ್ಧಾರಕ್ಕೆ ಬಿಟ್ಟದ್ದು.

## ಮಾರ್ಗದರ್ಶನದ ಪರಂಪರೆ

ಸಂಯೋಜನೆಯನ್ನು ಗುರುಮುಖೇನ ತಿದ್ದಿಸಿಕೊಳ್ಳುವ ಪದ್ಧತಿಯು ಶಾಸ್ತ್ರೀಯ ಸಂಗೀತದಿಂದ ಬಂದುದು. ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದಲ್ಲಿ ಪರಿಣತಿ ಪಡೆದಿದ್ದರೂ ಕರ್ನಾಟಕ ಸಂಗೀತದ ಕೃತಿರಚನೆಗೆ ತೊಡಗಿದಾಗ ಆಸ್ಥಾನ ವಿದ್ವಾಂಸರಾದ ಮೈಸೂರು ವಾಸುದೇವಾಚಾರ್ಯರ (1865–1961) ಮಾರ್ಗದರ್ಶನ ಪಡೆದರು. ಅವರು ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ್ದಾರೆ. ಚಿತ್ರಸಂಗೀತದಲ್ಲಿ ಈ ಸ್ಥಾನವನ್ನು ಸಹಾಯಕ ಸಂಗೀತ ನಿರ್ದೇಶನವು ಪಡೆಯಿತು. ಕನ್ನಡ ಚಿತ್ರಗಳ ಪ್ರಮುಖ ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶ್ ಅವರ ಬಳಿ ಇಳಯರಾಜಾ ಸಹಾಯಕರಾಗಿ ಕೆಲಸ ಮಾಡಿದ್ದರು.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇಂತಹ ಕಲಿಕೆಗೆ ಅನುಕೂಲಕರವಾದ ವಾತಾವರಣ ಬೆಳೆದುಬಂದಿತು. 1905ರಲ್ಲಿ ಸ್ಥಾಪಿತವಾದ ಬೆಂಗಳೂರು ಗಾಯನ ಸಮಾಜವು ಬಸವನಗುಡಿಗೆ ಸಮೀಪದ ಕೃಷ್ಣರಾಜೇಂದ್ರ ರಸ್ತೆಯಲ್ಲಿದೆ. ಅದರ ವಾರ್ಷಿಕ ಸಂಗೀತ ಸಮ್ಮೇಳನದಲ್ಲಿ ಸಂಜೆಯ ಕಚೇರಿಗಳ ಜೊತೆಗೆ ಬೆಳಗಿನ ವಿದ್ವತ್ ಗೋಷ್ಠಿಗಳೂ ನಡೆಯುತ್ತವೆ. ರಾಗಲಕ್ಷಣ ಮತ್ತು ರಚನಾಕ್ರಮಗಳನ್ನು ಕುರಿತ ಸೋದಾಹರಣ ಉಪನ್ಯಾಸಗಳನ್ನು ಅಲ್ಲಿ ಕೇಳಬಹುದು. ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿಯು 1939ರಿಂದ ರಾಮನವಮಿ ಸಂಗೀತೋತ್ಸವವನ್ನು ನಡೆಸಿಕೊಂಡು ಬಂದಿದೆ. ಕನ್ನಡ ಸಾಹಿತ್ಯ ಪರಿಷತ್ತು ಇರುವುದೂ ಚಾಮರಾಜಪೇಟೆಯಲ್ಲಿಯೇ. ಮಲ್ಲೇಶ್ವರದ ಬಳಿ ಪಿಟೀಲಿನ ಆಕಾರದಲ್ಲಿ ನಿರ್ಮಿಸಿರುವ ಚೌಡಯ್ಯ ಸ್ಮಾರಕ ಭವನವು ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರ ನೆನಪಿಗೆ ಮೀಸಲಾಗಿದೆ. ಬಸವನಗುಡಿಗೆ ಹೊಂದಿಕೊಂಡ ನರಸಿಂಹರಾಜ ಕಾಲೊನಿಯಲ್ಲಿ ಸಿ. ಅಶ್ವಥ್ ಅವರ ಹೆಸರಿನ ಕಲಾಭವನವಿದೆ. ಕವಿಗಳು, ಗಮಕಿಗಳು, ಶಾಸ್ತ್ರೀಯ ವಿದ್ವಾಂಸರು ಮತ್ತು ಸುಗಮ ಸಂಗೀತಗಾರರು ನಡೆದು ಹೋಗಬಹುದಾದಷ್ಟು ಹತ್ತಿರದಲ್ಲಿ ನೆಲೆಸಿದ್ದುದು ಪರಸ್ಪರ ಸಲಹೆಗೆ ನೆರವಾಯಿತು.

1955ರಲ್ಲಿ ಬೆಂಗಳೂರಿನಲ್ಲಿ ಕಾರ್ಯಾರಂಭ ಮಾಡಿದ ಆಕಾಶವಾಣಿ ನಿಲಯವು ಇನ್ನೊಂದು ಮುಖ್ಯ ವೇದಿಕೆ. ಆಕಾಶವಾಣಿಯು ಧ್ವನಿಪರೀಕ್ಷೆಯ ಮೂಲಕ ಗಾಯಕ–ವಾದಕರಿಗೆ ದರ್ಜೆ ನೀಡುತ್ತದೆ. ಸಂಗೀತ ಸಂಯೋಜಕರಿಗೂ ಮಾನ್ಯತೆಯ ವ್ಯವಸ್ಥೆಯಿದೆ. ವೀಣಾ ವಿದ್ವಾನ್ ವಿ. ದೊರೆಸ್ವಾಮಿ ಅಯ್ಯಂಗಾರ್ (1920–1997) ಈ ನಿಲಯದಲ್ಲಿ ಸಂಗೀತ ನಿರ್ಮಾಪಕರಾಗಿ ಸೇವೆ ಸಲ್ಲಿಸಿದರು.

ಇಂದು ಸಂಯೋಜನೆಯನ್ನು ಕಲಿಯಬಯಸುವವರಿಗೆ ಗುರುಕುಲ ಮಾದರಿಯ ಪಾಠದ ಜೊತೆಗೆ ಇತರ ದಾರಿಗಳೂ ಇವೆ. ಮೈಸೂರಿನಲ್ಲಿರುವ ಕರ್ನಾಟಕ ರಾಜ್ಯ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಮತ್ತು ಬೆಂಗಳೂರು ವಿಶ್ವವಿದ್ಯಾಲಯದ ಪ್ರದರ್ಶಕ ಕಲೆಗಳ ವಿಭಾಗ ಸಂಗೀತ ಶಿಕ್ಷಣ ನೀಡುತ್ತವೆ. ಜೂನಿಯರ್, ಸೀನಿಯರ್ ಮತ್ತು ವಿದ್ವತ್ ಪರೀಕ್ಷೆಗಳು ರಾಗ–ತಾಳಗಳ ಶಾಸ್ತ್ರಜ್ಞಾನವನ್ನು ಒದಗಿಸುತ್ತವೆ. ಸ್ವರಮೇಳ ಮತ್ತು ವಾದ್ಯವೃಂದಗಳ ಬರವಣಿಗೆಗಾಗಿ ಪಾಶ್ಚಾತ್ಯ ಸಂಗೀತ ಶಾಲೆಗಳನ್ನು ಆಶ್ರಯಿಸುವವರೂ ಇದ್ದಾರೆ. ಯಾವ ದಾರಿಯಾದರೂ, ಸಲಹೆ ಕೇಳುವವರು ಕವಿತೆಯ ಪೂರ್ಣಪಾಠ, ಧಾಟಿಯ ಸರಳ ಧ್ವನಿಮುದ್ರಣ ಮತ್ತು ಸ್ವರಲಿಪಿ ಇವನ್ನು ಒಟ್ಟಿಗೆ ಒದಗಿಸುವುದು ಒಳಿತು. ವಾದ್ಯಗಳ ಅಲಂಕಾರವಿಲ್ಲದ ಧ್ವನಿಮುದ್ರಣದಲ್ಲಿ ಧಾಟಿಯ ಗುಣದೋಷಗಳು ಸ್ಪಷ್ಟವಾಗಿ ತಿಳಿಯುತ್ತವೆ.

## ಸ್ವರಲಿಪಿ ಮತ್ತು ಕೃತಿಸ್ವಾಮ್ಯ

ಕನ್ನಡ ಸ್ವರಲಿಪಿಯಲ್ಲಿ ಸ, ರಿ, ಗ, ಮ, ಪ, ದ, ನಿ ಅಕ್ಷರಗಳಿಂದ ಸ್ವರಗಳನ್ನೂ, ಮೇಲಿನ ಮತ್ತು ಕೆಳಗಿನ ಚುಕ್ಕೆಗಳಿಂದ ತಾರ ಮತ್ತು ಮಂದ್ರಸ್ಥಾಯಿಗಳನ್ನೂ ಸೂಚಿಸಲಾಗುತ್ತದೆ. ಅಲ್ಪವಿರಾಮ ಚಿಹ್ನೆಯು ಒಂದು ಅಕ್ಷರಕಾಲದ, ಅರ್ಧವಿರಾಮ ಚಿಹ್ನೆಯು ಎರಡು ಅಕ್ಷರಕಾಲದ ವಿಸ್ತರಣೆಯನ್ನು ತೋರಿಸುತ್ತವೆ. ಗಮಕಗಳನ್ನು ಈ ಲಿಪಿಯಲ್ಲಿ ಪೂರ್ಣವಾಗಿ ಹಿಡಿದಿಡಲು ಸಾಧ್ಯವಿಲ್ಲ. ಸುಗಮ ಸಂಗೀತದ ಅನೇಕ ಧಾಟಿಗಳು ಸ್ವರಲಿಪಿಗಿಂತ ಹೆಚ್ಚಾಗಿ ಧ್ವನಿಮುದ್ರಣ ಮತ್ತು ಶಿಷ್ಯರ ನೆನಪುಗಳ ಮೂಲಕ ಉಳಿದು ಬಂದಿವೆ.

ಇದಕ್ಕೆ ಕಾನೂನಿನ ಆಯಾಮವೂ ಇದೆ. 1957ರ ಭಾರತೀಯ ಕೃತಿಸ್ವಾಮ್ಯ ಅಧಿನಿಯಮದ ಮೂಲ ವ್ಯಾಖ್ಯೆಯಂತೆ, ಮುದ್ರಿತವಾದ ಅಥವಾ ಬರಹಕ್ಕೆ ಇಳಿಸಿದ ಸಂಗೀತ ಮಾತ್ರ ‘ಸಂಗೀತ ಕೃತಿ’ ಎನಿಸಿಕೊಳ್ಳುತ್ತಿತ್ತು. 1994ರ ತಿದ್ದುಪಡಿಯು ಈ ನಿಬಂಧನೆಯನ್ನು ತೆಗೆದುಹಾಕಿತು. ಈಗ ಸ್ವರಲಿಪಿಯಿಲ್ಲದ ಧಾಟಿಯೂ ಸಂಗೀತ ಕೃತಿಯೇ. ಹಾಡೊಂದರಲ್ಲಿ ಸಾಹಿತ್ಯ, ಸಂಗೀತ ಮತ್ತು ಧ್ವನಿಮುದ್ರಣ ಎಂಬ ಮೂರು ಪ್ರತ್ಯೇಕ ಹಕ್ಕುಗಳಿರುತ್ತವೆ. ಸಾಹಿತ್ಯ ಮತ್ತು ಸಂಗೀತಗಳ ಹಕ್ಕು ಕರ್ತೃವಿನ ಜೀವಿತಾವಧಿ ಹಾಗೂ ಅನಂತರದ 60 ವರ್ಷಗಳವರೆಗೆ ಇರುತ್ತದೆ. ಆದ್ದರಿಂದ ಆಧುನಿಕ ಕವಿಯ ರಚನೆಗೆ ಹೊಸ ಧಾಟಿ ಹಾಕಿ ಪ್ರಕಟಿಸುವವರು ಕವಿಯ ಅಥವಾ ಹಕ್ಕುದಾರರ ಅನುಮತಿ ಪಡೆಯಬೇಕಾಗುತ್ತದೆ.

## ನಾಡಗೀತೆಯ ಧಾಟಿ ಮತ್ತು ತಜ್ಞರ ಸಮಿತಿಗಳು

ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ ಕವಿತೆಯನ್ನು ಕರ್ನಾಟಕ ಸರ್ಕಾರವು 2004ರಲ್ಲಿ ನಾಡಗೀತೆಯೆಂದು ಘೋಷಿಸಿತು. ಕವಿತೆಯ ಪಾಠ ಅಧಿಕೃತವಾದರೂ ಧಾಟಿಯ ಪ್ರಶ್ನೆ ಉಳಿಯಿತು. ಮೈಸೂರು ಅನಂತಸ್ವಾಮಿ ಮತ್ತು ಸಿ. ಅಶ್ವಥ್ ಇಬ್ಬರ ಸಂಯೋಜನೆಗಳೂ ಪ್ರಚಾರದಲ್ಲಿದ್ದವು. ಎರಡಕ್ಕೂ ಗಾಯಕರ ಮತ್ತು ಕೇಳುಗರ ಬೆಂಬಲವಿತ್ತು. ಇದರ ಜೊತೆಗೆ, ಪೂರ್ಣಪಾಠವನ್ನು ಪುನರಾವರ್ತನೆಗಳೊಡನೆ ಹಾಡಿದಾಗ ತಗಲುವ ಸಮಯವೂ ಚರ್ಚೆಯ ವಿಷಯವಾಯಿತು.

ಹಾರ್ಮೋನಿಯಂ ವಿದ್ವಾಂಸ ವಸಂತ ಕನಕಾಪುರ, ಕವಿ ಚೆನ್ನವೀರ ಕಣವಿ ಮತ್ತು ಗಾಯಕಿ ಎಚ್. ಆರ್. ಲೀಲಾವತಿ ಅವರ ಅಧ್ಯಕ್ಷತೆಯಲ್ಲಿ ಬೇರೆ ಬೇರೆ ಕಾಲಗಳಲ್ಲಿ ರಚಿತವಾದ ಸಮಿತಿಗಳು ಈ ವಿಷಯವನ್ನು ಪರಿಶೀಲಿಸಿದವು. ಲೀಲಾವತಿ ಸಮಿತಿಯ ಶಿಫಾರಸಿನ ಆಧಾರದ ಮೇಲೆ ಸರ್ಕಾರವು 2022ರ ಸೆಪ್ಟೆಂಬರ್‌ನಲ್ಲಿ ಆದೇಶ ಹೊರಡಿಸಿತು. ಅದರಂತೆ ಅನಂತಸ್ವಾಮಿ ಅವರ ಧಾಟಿಯಲ್ಲಿ, ಆಲಾಪ ಮತ್ತು ಪುನರಾವರ್ತನೆಗಳಿಲ್ಲದೆ, ಪೂರ್ಣಪಾಠವನ್ನು 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕು. ಹೋಲಿಕೆಗಾಗಿ ಹೇಳುವುದಾದರೆ, ರಾಷ್ಟ್ರಗೀತೆಯ ಅವಧಿ ಸುಮಾರು 52 ಸೆಕೆಂಡುಗಳು. ತಮಿಳುನಾಡು ಸರ್ಕಾರವು 2021ರಲ್ಲಿ ತನ್ನ ನಾಡಗೀತೆಗೆ 55 ಸೆಕೆಂಡುಗಳ ಅವಧಿ, ಮೋಹನ ರಾಗ ಮತ್ತು ತಿಶ್ರ ತಾಳವನ್ನು ನಿಗದಿಪಡಿಸಿತ್ತು.

ಕರ್ನಾಟಕ ಸರ್ಕಾರದ ಆದೇಶವನ್ನು ಸಿ. ಅಶ್ವಥ್ ಅವರ ಶಿಷ್ಯರಾದ ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 2024ರಲ್ಲಿ ನ್ಯಾಯಾಲಯವು ಅರ್ಜಿಯನ್ನು ವಜಾಗೊಳಿಸಿ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಆದೇಶವು ನಾಡಗೀತೆಯ ಅಧಿಕೃತ ಗಾಯನಕ್ಕೆ ಸಂಬಂಧಿಸಿದುದು. ಭಾವಗೀತೆಯೊಂದಕ್ಕೆ ಒಂದಕ್ಕಿಂತ ಹೆಚ್ಚು ಧಾಟಿಗಳು ಇರುವುದು ಸುಗಮ ಸಂಗೀತದಲ್ಲಿ ಸಾಮಾನ್ಯ ಸಂಗತಿಯಾಗಿದ್ದು, ಪ್ರತಿಯೊಂದು ಧಾಟಿಯನ್ನೂ ಅದೇ ಕವಿತೆಯ ಬೇರೊಂದು ಓದು ಎಂದು ಪರಿಗಣಿಸಲಾಗುತ್ತದೆ.

## ಇವನ್ನೂ ನೋಡಿ

- ಭಾವಗೀತೆ
- ಗಮಕ ಕಲೆ
- ರಂಗಗೀತೆ
- ಪಿ. ಕಾಳಿಂಗರಾವ್
- ಮೈಸೂರು ಅನಂತಸ್ವಾಮಿ
- ಸಿ. ಅಶ್ವಥ್
- ಬೆಂಗಳೂರು ಗಾಯನ ಸಮಾಜ